ಜೀನಿನ ಚೀಲದಲ್ಲಿ ಉಳಿದ ಕಾಗದ

ಜನವರಿ 18, 1791. ಮಂಗಳವಾರ. ವೆದರ್ಬಿ.

ಸಂಜೆ ನಾಲ್ಕಕ್ಕೆ ತಲುಪಿದೆವು. ದಾರಿಯುದ್ದಕ್ಕೂ ಮೊಣಕಾಲುದ್ದ ಹಿಮ. ಕುದುರೆಯ ಮುಂಗಾಲಿನ ಲಾಳ ಸಡಿಲ – ನಾಳೆ ಕಮ್ಮಾರನಿಗೆ ತೋರಿಸಬೇಕು. ಶ್ರೀಮತಿ ಟಟಲ್ ಅವರ ತಂಗುಮನೆಯಲ್ಲಿ ಎಂದಿನ ಕೋಣೆ. ಆಂಬ್ರೋಸ್ ಜೊತೆ ಎಂದಿನ ಹಾಗೆ ಒಂದೇ ಹಾಸಿಗೆ. ಜಡ್ಜ್ ಆಂಬ್ರೋಸ್ ಗೇಲ್ಸ್ ಊರೂರು ಸುತ್ತಿ ಕೋರ್ಟು ನಡೆಸುವ ಈ ಚಳಿಗಾಲದ ಸರದಿ ಪೂರ್ತಿ ನನ್ನ ಜೊತೆಗಿರುತ್ತಾರೆ. ಅವರ ಗೊರಕೆಯೂ.

ಮನೆಯಿಂದ ಬಂದ ಕಾಗದ ಇಲ್ಲಿ ಕಾಯುತ್ತಿತ್ತು. ಮೇಲೆ ಮಗಳು ಹೆಪ್ಸಿಯ ಅಕ್ಷರ. ದಪ್ಪಗಿದೆ. ಇಷ್ಟು ಬರೆಯಲು ಏನಿದೆ ಅವಳಿಗೆ? ಕೋಳಿ, ಸೌದೆ, ಪಾದ್ರಿಯ ನೆಗಡಿ... ಅರಗು ಒಡೆಯದೆ ಕುದುರೆಯ ಜೀನಿನ ಚೀಲಕ್ಕೆ ಹಾಕಿದೆ. ನಾಳೆ ಗಲ್ಲಿನ ಮೊಕದ್ದಮೆ. ಅಂಥದ್ದು ಮುಗಿಯುವವರೆಗೆ ಮನೆಯ ಕಾಗದವನ್ನೂ ತೆರೆಯುವುದಿಲ್ಲ.

ಶ್ರೀಮತಿ ಟಟಲ್ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು.

"ಏನ್ ಜಡ್ಜರೇ, ಮಗಳ ಕಾಗದ ಮುಟ್ಟಿದ್ರೆ ಕೈ ಸುಡುತ್ತಾ?"

"ಸುಡುತ್ತೆ ಕಣಮ್ಮ. ನಾಳೆ ಯಾರೂ ನನ್ನತ್ತ ಬೆರಳು ತೋರಿಸಬಾರದು."

"ಹಸಿದವರ ಮುಂದೆ ರೊಟ್ಟಿ ಇಟ್ಟು ಮುಚ್ಚಿದ ಹಾಗಿದೆ ನಿಮ್ಮ ನಿಯಮ" ಎಂದು ಆಂಬ್ರೋಸ್ ನಕ್ಕರು. ನಗಲಿ. ನಾನು ಪೀಠಕ್ಕೆ ಬಂದ ಹೊಸದರಲ್ಲಿ ನಮ್ಮಲ್ಲೊಬ್ಬರು ಭಾವಮೈದುನನ ಕಾಗದ ಓದಿ ಜಮೀನಿನ ತೀರ್ಪು ಬದಲಿಸಿದರೆಂದು ಊರೂರು ಮಾತಾಡಿತ್ತು. ಅಂದಿನಿಂದ ಈ ಕಟ್ಟುನಿಟ್ಟು. ಹೋದ ವರ್ಷ ಪತ್ರಿಕೆಯೊಂದು ಇದನ್ನು ಹೊಗಳಿ ಬರೆದಿತ್ತು. ಇಲ್ಲವೆಂದರೆ ಸುಳ್ಳು, ಸಂತೋಷವಾಗಿತ್ತು.

ನಾಳಿನ ಪಟ್ಟಿ ನೋಡಿದೆ. ಆರೋಪಿಯ ಹೆಸರು ಕೆಟುರಾ ಪೆಕ್. ನಮ್ಮ ಕೆಟುರಾ! ಎರಡು ವರ್ಷ ನಮ್ಮ ಅಡುಗೆಮನೆಯಲ್ಲಿದ್ದಳು. ಸೆಪ್ಟೆಂಬರಿನಲ್ಲಿ ಚಿಕ್ಕಪ್ಪನ ಮನೆಗೆಂದು ಈ ಊರಿಗೆ ಬಂದವಳು. ಡಿಸೆಂಬರಿನಲ್ಲಿ ಕೊಟ್ಟಿಗೆಯ ಹಿಂದೆ ಹಸುಗೂಸಿನ ಹೆಣ ಸಿಕ್ಕಿದೆ.

ಆಂಬ್ರೋಸ್‌ರನ್ನು ಕೇಳಿದೆ – ನಾನು ಕೂರಬಹುದೆ? "ಕೆಲಸದವಳು ನೆಂಟಳೇನಯ್ಯಾ? ನೀನು ಎದ್ದರೆ ಪೀಠಕ್ಕೆ ಮೂವರಿಲ್ಲ. ಮುಂದಿನ ಕೋರ್ಟು ಕೂಡುವ ಆಗಸ್ಟ್‌ವರೆಗೆ ಅವಳು ಜೈಲಲ್ಲಿ ಕೊಳೀಬೇಕು" ಎಂದರು. ಸರಿ ಅನ್ನಿಸಿತು. ಕೂರುತ್ತೇನೆ.

ಜನವರಿ 19. ಬುಧವಾರ.

ಚರ್ಚಿನಲ್ಲೇ ಕೋರ್ಟು. ಕೋರ್ಟಿನ ಕಟ್ಟಡ ಸಾಲಲಿಲ್ಲ. ಬಾಲ್ಕನಿ ತುಂಬ ಹೆಂಗಸರು, ಕಾಲಡಿಗೆ ಕೆಂಡದ ಪೆಟ್ಟಿಗೆಗಳು.

ಕೆಟುರಾ ತೆಳ್ಳಗಾಗಿದ್ದಾಳೆ. ಇಪ್ಪತ್ತು ವರ್ಷವೆಂದು ಬರೆದಿದ್ದಾರೆ. ಹದಿನೈದರ ಹಾಗೆ ಕಾಣುತ್ತಾಳೆ. ನಿಂತಲ್ಲಿಂದ ಕದಲಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಎಲ್ಲಾ ಹೊತ್ತೂ.

ಕಾನೂನು ಹಳೆಯದು, ಬಿಗಿಯಾದದ್ದು. ಮದುವೆಯಿಲ್ಲದೆ ಬಸಿರಾದವಳು ಅದನ್ನು ಮುಚ್ಚಿಟ್ಟು, ಕೂಸು ಸತ್ತು ಸಿಕ್ಕಿದರೆ – ಹುಟ್ಟುವಾಗಲೇ ಸತ್ತಿತ್ತೆಂದು ಹೇಳುವ ಸಾಕ್ಷಿ ಇಲ್ಲದಿದ್ದರೆ – ಅದು ಕೊಲೆ. ಉಳಿದಿರುವುದು ಒಂದೇ ಕಿಂಡಿ. ಹೆರಿಗೆಗೆ ಮುಂಚೆಯೇ ಕೂಸಿಗೆಂದು ಬಟ್ಟೆ ಹೊಲಿದಿಟ್ಟಿದ್ದರೆ, ಅದು ಬದುಕಲೆಂದು ತಾಯಿ ಬಯಸಿದ್ದಳು ಎಂದು ತಿಳಿಯುತ್ತೇವೆ. ಒಂದು ಟೊಪ್ಪಿಗೆ ಸಿಕ್ಕರೂ ಸಾಕು, ಜ್ಯೂರಿ ಬಿಟ್ಟುಬಿಡುತ್ತದೆ. ಆ ಪ್ರಶ್ನೆಯನ್ನು ಪೀಠದ ಹಿರಿಯರೇ ಕೇಳುವುದು ವಾಡಿಕೆ. ಈ ಸರದಿಯಲ್ಲಿ ಹಿರಿಯ ನಾನು.

ಸೂಲಗಿತ್ತಿಯನ್ನು ಕೇಳಿದೆ: "ಮನೆಯಲ್ಲಿ ಕೂಸಿನ ಬಟ್ಟೆ ಏನಾದ್ರೂ ಇತ್ತೇ?"

"ಪೆಟ್ಟಿಗೆ, ಹಾಸಿಗೆ, ಹುಲ್ಲಿನ ಮೆದೆ, ಎಲ್ಲಾ ಹುಡುಕಿದ್ವಿ ಸ್ವಾಮಿ. ಒಂದು ಚಿಂದೀನೂ ಇಲ್ಲ."

ಬಾಲ್ಕನಿಯಲ್ಲಿ ಗುಸುಗುಸು. ಕೆಟುರಾಳತ್ತ ತಿರುಗಿದೆ.

"ಕೇಳಿಸ್ಕೊಂಡೆಯಲ್ಲ. ನಿನ್ನ ಕಡೆಯಿಂದ ಏನಾದ್ರೂ ಹೇಳೋದಿದೆಯೇನಮ್ಮ?"

"ನಿಮಗೇ ಗೊತ್ತಲ್ಲ, ಯಜಮಾನ್ರೇ."

ಅಷ್ಟೇ. ಮತ್ತೆ ಕೇಳಿದೆ. ಬಾಯಿ ತೆರೆಯಲಿಲ್ಲ. ಅವಳ ವಕೀಲ ಚಿಕ್ಕ ವಯಸ್ಸಿನವನು, ಅವನಿಗೂ ಏನೂ ಹೇಳಿಲ್ಲವಂತೆ. ಮೊಂಡುತನ. ಮನೆಯಲ್ಲಿದ್ದಾಗ ಹೀಗಿರಲಿಲ್ಲ. ಹಾಡಿಕೊಂಡೇ ಪಾತ್ರೆ ತೊಳೆಯುತ್ತಿದ್ದಳು.

ಜನವರಿ 20. ಗುರುವಾರ. ಮಧ್ಯಾಹ್ನ.

ಬೆಳಿಗ್ಗೆ ಜ್ಯೂರಿ ಬಂತು. ಅಪರಾಧಿ. ಶಿಕ್ಷೆ ನಾನೇ ಓದಿದೆ. ಮಾರ್ಚ್ 16, ಬುಧವಾರ, ಗಲ್ಲು. 'ದೇವರು ನಿನ್ನ ಆತ್ಮಕ್ಕೆ ಕರುಣೆ ತೋರಲಿ' ಎಂದು ಮುಗಿಸಿದೆ. ಅವಳು ಅಳಲಿಲ್ಲ. ಮೊದಲ ಸಲ ನನ್ನ ಮೇಲಿಂದ ಕಣ್ಣು ತೆಗೆದಳು. ನೆಲ ನೋಡಿದಳು.

ಕರ್ತವ್ಯ ಮುಗಿಯಿತು. ಊಟ ಮಾಡಿ ಹೆಪ್ಸಿಯ ಕಾಗದ ಓದುತ್ತೇನೆ. ಮೂರನೆಯ ಜಡ್ಜರು ಆಗಲೇ ಊರಿಗೆ ಹೊರಟರು.

ಅದೇ ದಿನ. ನಾಲ್ಕು ಗಂಟೆ.

ಕಾಗದ ಓದಿದೆ. ಬರೆದಿಡುತ್ತೇನೆ. ಇದ್ದದ್ದು ಇದ್ದ ಹಾಗೆ.

ಹೆಪ್ಸಿಯದು ಒಂದೇ ಹಾಳೆ. ಕಪ್ಪು ಹಸು ಗಬ್ಬ. ಬಾವಿಯ ಹಗ್ಗ ಹೊಸದು. 'ಅಣ್ಣ ಊಟ ಸರಿಯಾಗಿ ಮಾಡುತ್ತಿಲ್ಲ. ನಿಮಗೊಂದು ಕಾಗದ ಬರೆದು, ನನ್ನದರ ಒಳಗೇ ಇಡು ಎಂದ. ಇಟ್ಟಿದ್ದೇನೆ. ಓದಿಲ್ಲ.'

ಒಳಗೆ ಅಸಾನದು. ನನ್ನ ಮಗ. ಇಪ್ಪತ್ತಮೂರು ವರ್ಷ, ನನ್ನ ಪುಸ್ತಕಗಳಲ್ಲೇ ಕಾನೂನು ಓದುತ್ತಿರುವವನು. ಜನವರಿ 9ರ ತಾರೀಖು.

'ಅಪ್ಪಾ, ಕೆಟುರಾಳ ಕೂಸು ನನ್ನದು. ಅವಳನ್ನು ಹಿಡಿದ ಸುದ್ದಿ ಹೋದ ವಾರ ತಿಳಿಯಿತು. ಅವಳು ಕೂಸನ್ನು ಕೊಂದಿಲ್ಲ. ಆಗಸ್ಟಿನಲ್ಲೇ ಬಟ್ಟೆ ಹೊಲಿದಿದ್ದಳು. ನಿಮ್ಮ ಎರಡು ಹಳೆಯ ಅಂಗಿಗಳನ್ನು ಹೆಪ್ಸಿ ಒರೆಸುಬಟ್ಟೆಗೆಂದು ಅವಳಿಗೆ ಕೊಟ್ಟಿದ್ದಳು. ಅದರಲ್ಲಿ ನಾಲ್ಕು ಟೊಪ್ಪಿಗೆ, ಮೂರು ಕುಪ್ಪಸ. ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಹೆರಿಗೆಯ ಹೊತ್ತಿಗೆ ನಾನೇ ತರುತ್ತೇನೆ, ಮದುವೆಯ ಮಾತನ್ನೂ ನಿಮ್ಮ ಹತ್ತಿರ ಎತ್ತುತ್ತೇನೆ ಎಂದಿದ್ದೆ. ಧೈರ್ಯ ಬರಲಿಲ್ಲ. ಕೋರ್ಟಿಗೆ ನಾನು ಬಂದು ಹೇಳಲೋ, ನೀವೇ ದಾರಿ ತೋರಿಸುತ್ತೀರೋ? ನೀವು ಹೇಳಿದಂತೆ ಮಾಡುತ್ತೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.'

ಕಾಯುತ್ತಿದ್ದಾನೆ! ಅವನು ಅಲ್ಲಿ ಕಾಯುತ್ತಿದ್ದ. ಕಾಗದ ಇಲ್ಲಿ, ಮಂಚದ ಕೆಳಗೆ, ಚೀಲದಲ್ಲಿ. ನಾನು ಪೀಠದ ಮೇಲೆ ಕೂತು ಗಂಟಲು ಸರಿಮಾಡಿಕೊಂಡು ಕೇಳಿದೆ – ಬಟ್ಟೆ ಏನಾದರೂ ಇತ್ತೇ?

ಬಟ್ಟೆ ನನ್ನ ಮನೆಯಲ್ಲಿತ್ತು. ನನ್ನ ಅಂಗಿಯದೇ ಬಟ್ಟೆ.

ಮತ್ತೆ ಓದಿದೆ. ಅಕ್ಷರಗಳು ಬದಲಾಗಲಿಲ್ಲ.

ಜನವರಿ 21. ಶುಕ್ರವಾರ.

ಆಂಬ್ರೋಸ್‌ಗೆ ತೋರಿಸಿದೆ. ಓದುತ್ತಾ ಓದುತ್ತಾ ಕನ್ನಡಕ ತೆಗೆದರು. ಕಾಗದ ಮಡಚಿ ನನ್ನ ಕೈಗೇ ಕೊಟ್ಟರು.

"ಒಲೆಗೆ ಹಾಕು."

"ಏನು?"

"ಈ ಕಾಗದ ಕಣಯ್ಯಾ ಜೊಥಾಮ್. ಕೋರ್ಟು ಎದ್ದಾಯ್ತು. ಈ ಊರಲ್ಲಿ ಇನ್ನು ಕೂಡೋದು ಆಗಸ್ಟಿಗೆ. ನಿನ್ನ ಕೈಲಿ, ನನ್ನ ಕೈಲಿ ಏನೂ ಇಲ್ಲ. ಗವರ್ನರಿಗೆ ಬರಿ. ಚಿಕ್ಕ ಹುಡುಗಿ, ತಾಯಿಯಿಲ್ಲ, ಕರುಣೆ ತೋರಿ ಅನ್ನು. ಮಗನ ಹೆಸರು ಯಾಕೆ? ಅವನನ್ನ ಯಾವ ಊರಲ್ಲಿ ವಕೀಲ ಅಂತ ಒಳಗೆ ಬಿಟ್ಕೋತಾರೆ?"

"ಬಟ್ಟೆ ಇತ್ತು, ಆಂಬ್ರೋಸ್."

"ಇತ್ತು. ಸಾಕ್ಷೀನ ಚೀಲದಲ್ಲಿ ಇಟ್ಕೊಂಡು, ಅದರ ಪಕ್ಕದಲ್ಲೇ ಮಲಗಿ, ಬೆಳಿಗ್ಗೆ ಎದ್ದು ಗಲ್ಲು ಅಂದ ಜಡ್ಜು – ಹೀಗೆ ಪತ್ರಿಕೇಲಿ ಬಂದ್ರೆ ನಾಳೆ ನಮ್ಮ ಮುಂದೆ ಟೋಪಿ ತೆಗೆಯೋರು ಯಾರು?"

"ಅದು ನಿಜ ತಾನೇ?"

"ನಿಜ ಅಂತಲೇ ಹೇಳ್ತಿರೋದು. ಹಾಕು ಒಲೆಗೆ."

ಹಾಕಲಿಲ್ಲ. ಆದರೆ ಗವರ್ನರಿಗೆ ಆಂಬ್ರೋಸ್ ಹೇಳಿದ ಹಾಗೆಯೇ ಬರೆದೆ. ಚಿಕ್ಕ ಹುಡುಗಿ. ತಾಯಿಯಿಲ್ಲ. ಕರುಣೆ. ಚೆನ್ನಾಗಿ ಬಂತು ಕಾಗದ. ಆಂಬ್ರೋಸ್ ಕೂಡ ಸಹಿ ಹಾಕಿದರು.

ಅಸಾನಿಗೆ ಬರೆಯಲು ಕೂತೆ. 'ಪ್ರಿಯ ಮಗನೇ' – ಮುಂದೆ ಹೋಗಲಿಲ್ಲ. ಹೆಪ್ಸಿಗೆ ಎರಡು ಸಾಲು: ಅಣ್ಣನ ಪೆಟ್ಟಿಗೆಯಲ್ಲಿರುವ ಬಟ್ಟೆಯ ಗಂಟನ್ನು ಹ್ಯಾಡ್ಲೋ ಊರಿನ ಕೋರ್ಟಿಗೆ ಕಳಿಸು. ಕಾಗದ ನಾನು ಓದಿದ್ದು ತಡವಾಗಿ ಎಂದು ಅವನಿಗೆ ಹೇಳು.

ಜೈಲು ಇಲ್ಲಿಂದ ಮೂರು ಮನೆ ಆಚೆ. ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು?

ಫೆಬ್ರವರಿ 14. ಸೋಮವಾರ. ಹ್ಯಾಡ್ಲೋ.

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಎಂದಲ್ಲ.

ಇವತ್ತು ಒಟ್ಟಿಗೇ ಎರಡು ಬಂದವು. ಗವರ್ನರದು ಆರು ಸಾಲು. ವಯಸ್ಸು ಚಿಕ್ಕದೆಂಬುದು ಕಾರಣವಾಗದು. ಬಟ್ಟೆ ಇರಲಿಲ್ಲವೆಂದು ಪೀಠವೇ ವಿಚಾರಿಸಿ ಖಚಿತಪಡಿಸಿಕೊಂಡಿದೆ. 'ತಮ್ಮಂಥ ಕಟ್ಟುನಿಟ್ಟಿನವರು ಕೂತ ಮೊಕದ್ದಮೆಯಲ್ಲಿ ನಮ್ಮ ಸಲಹಾ ಮಂಡಳಿಗೆ ಸಂದೇಹವಿಲ್ಲ.'

 ಅವಳ ಕೊರಳಿಗೆ ಬಿದ್ದಿರುವುದು ನನ್ನ ಒಳ್ಳೆಯ ಹೆಸರು.

ಇನ್ನೊಂದು ಹೆಪ್ಸಿಯ ಗಂಟು. ಬಿಚ್ಚಿದೆ. ನಾಲ್ಕು ಟೊಪ್ಪಿಗೆ, ಮೂರು ಕುಪ್ಪಸ. ಹೊಲಿಗೆ ಸಾಸಿವೆಯಷ್ಟು ಸಣ್ಣ. ಒಂದು ಕುಪ್ಪಸದ ಅಂಚಿನಲ್ಲಿ ಕೆಂಪು ದಾರದ ಗುರುತು – ಒಗೆಯುವಲ್ಲಿ ಅಂಗಿಗಳು ಅದಲುಬದಲಾಗದಿರಲೆಂದು ನನ್ನ ಹೆಂಡತಿ ಬದುಕಿದ್ದಾಗ ಹಾಕಿದ್ದ ನನ್ನ ಹೆಸರಿನ ಮೊದಲಕ್ಷರಗಳು. ಕೆಟುರಾ ಅದನ್ನು ಕತ್ತರಿಸಿಲ್ಲ. ಒಳಗೆ ಮಡಚಿ ಹೊಲಿದಿದ್ದಾಳೆ. ಟೊಪ್ಪಿಗೆ ನನ್ನ ಮುಷ್ಟಿಗೆ ಸರಿಯಾಗಿ ಕೂರುತ್ತದೆ.

ಹೆಪ್ಸಿ ಬರೆದಿದ್ದಾಳೆ: 'ನೀವು ತಡವಾಗಿ ಓದಿದಿರಿ ಎಂದೆ. ಅಣ್ಣ ನಂಬುವುದಿಲ್ಲ. ಹದಿನೆಂಟಕ್ಕೇ ಕಾಗದ ತಲುಪಿದೆ ಎಂದು ಅಂಚೆಯವನು ಹೇಳಿದನಂತೆ. "ಅಪ್ಪ ಓದಿದರು, ಓದಿಯೇ ತೀರ್ಪು ಕೊಟ್ಟರು, ನನ್ನನ್ನು ಉಳಿಸಲು" ಎನ್ನುತ್ತಾನೆ. ಒಂದೇ ಕೋಣೆಯಲ್ಲಿ ಕೂತಿರುತ್ತಾನೆ. ನಿಜ ಯಾವುದಪ್ಪಾ? ನನಗಾದರೂ ಹೇಳಿ.'

ಫೆಬ್ರವರಿ 15.

ಗವರ್ನರಿಗೆ ಎಲ್ಲವನ್ನೂ ಬರೆದೆ. ಮಗನ ಹೆಸರು. ಅವನ ಕಾಗದವನ್ನೇ ಇಟ್ಟೆ, ನಕಲಲ್ಲ. ಬಟ್ಟೆ ಇಟ್ಟೆ. ಕಾಗದ ಎಂದು ಬಂತು, ಎಲ್ಲಿತ್ತು, ಎಂದು ಒಡೆದೆ – ಸಾಕ್ಷಿ ಹೇಳುವವನ ಹಾಗೆ ಬರೆದೆ. ಮೊದಲ ಕಾಗದದಲ್ಲಿ ಇದನ್ನು ಮುಚ್ಚಿಟ್ಟದ್ದನ್ನೂ. ಕೊನೆಗೆ: ಈ ಸರದಿ ಮುಗಿದ ಮೇಲೆ ಪೀಠ ಬಿಡುತ್ತೇನೆ.

ಆಂಬ್ರೋಸ್ ಬಾಗಿಲಲ್ಲಿ ನಿಂತು ನೋಡಿದರು.

"ಅರಗು ಬೀಳೋದಕ್ಕೆ ಮುಂಚೆ ಇನ್ನೊಂದ್ಸಲ ಯೋಚನೆ ಮಾಡು."

"ಅರಗು ಕರಗಿದೆ."

"ನನ್ನ ಸಹಿ ಕೇಳಬೇಡ ಮಾರಾಯ."

"ಕೇಳಲ್ಲ."

ಸ್ವಲ್ಪ ಹೊತ್ತು ಬಿಟ್ಟು ಬಂದು ಮೇಣದಬತ್ತಿ ಹಿಡಿದು ನಿಂತರು. ಆ ಬೆಳಕಿನಲ್ಲಿ ಅರಗು ಸುರಿದು ಮುದ್ರೆ ಒತ್ತಿದೆ.

ಅಸಾನಿಗೂ ಬರೆದೆ. 'ನಾನು ಓದಿರಲಿಲ್ಲ. ನಂಬು, ಬಿಡು. ಗವರ್ನರ ಬಳಿಗೆ ಹೋಗಿ ಆಣೆ ಇಟ್ಟು ಹೇಳು. ಇಂದೇ ಹೊರಡು.'

ಮಾರ್ಚ್ 2.

ಏನೂ ಬಂದಿಲ್ಲ.

ಮಾರ್ಚ್ 8.

ಅಸಾ ಗವರ್ನರನ್ನು ಕಂಡನಂತೆ. ಎರಡು ದಿನ ಕಾಯಿಸಿದರಂತೆ. ಇದು ಹೆಪ್ಸಿಯ ಕಾಗದದಿಂದ ತಿಳಿದದ್ದು. ಅವನು ನನಗೆ ಬರೆದಿಲ್ಲ.

ಹಿಮ ಕರಗುತ್ತಿದೆ. ದಾರಿಯೆಲ್ಲ ಕೆಸರು. ಅಂಚೆ ನಿಧಾನ.

ಮಾರ್ಚ್ 12. ಶನಿವಾರ. ಸ್ಟೋನಿ ಫೋರ್ಡ್.

ಕೋರ್ಟು ನಡೆದಿತ್ತು. ಗಲ್ಲಿನದೇ ಮೊಕದ್ದಮೆ – ದರೋಡೆ, ಒಬ್ಬ ನಾವಿಕ. ಸಾಕ್ಷಿ ಮಾತಾಡುತ್ತಿದ್ದ. ಕೆಸರುಗಾಲಿನ ಸವಾರನೊಬ್ಬ ಒಳಗೆ ಬಂದ. ಷೆರೀಫ ಕಾಗದ ಇಸಿದುಕೊಂಡು ಪೀಠದ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ನಿಮ್ಮ ಚೀಲಕ್ಕೆ ಹಾಕಿಸ್ಲಾ ಸ್ವಾಮಿ? ಎಂದಿನ ಹಾಗೆ?"

ಗವರ್ನರ ಮುದ್ರೆ.

"ಇಲ್ಲಿ ಕೊಡಪ್ಪ."

ಪೀಠದ ಮೇಲೆಯೇ ಒಡೆದೆ. ಅರಗು ಚಟ್ ಎಂದದ್ದು ಇಡೀ ಕೋಣೆಗೆ ಕೇಳಿಸಿತು. ಸಾಕ್ಷಿ ಮಾತು ನಿಲ್ಲಿಸಿದ. ಮೇ ತಿಂಗಳ ಶಾಸನಸಭೆ ಕೂಡುವವರೆಗೆ ಗಲ್ಲು ತಡೆ. ಕ್ಷಮೆ ಕೊಡುವಂತೆ ಸಭೆಗೆ ಮಂಡಳಿಯ ಶಿಫಾರಸು. ಜೊತೆಗೆ ವೆದರ್ಬಿಯ ಜೈಲಿಗೆ ಆಜ್ಞೆ. ನದಿಯ ಮಂಜುಗಡ್ಡೆ ಒಡೆದಿರುವುದರಿಂದ ಆ ಕಡೆಗೆ ಬೇರೆ ಸವಾರ ಹೋಗಿಲ್ಲ, ತಾವೇ ತಲುಪಿಸತಕ್ಕದ್ದು.

ಎದ್ದೆ. ನಾವಿಕನ ವಕೀಲನಿಗೆ ಕ್ಷಮೆ ಕೇಳಿದೆ. ಮೊಕದ್ದಮೆ ಮುಂದಕ್ಕೆ ಹಾಕಿದೆ. ಆಂಬ್ರೋಸ್ ಪಿಸುಗುಟ್ಟಿದರು: "ಹೋಗಯ್ಯಾ, ನನ್ನ ಕುದುರೆ ತಗೊಂಡು ಹೋಗು. ನಿನ್ನದು ಕುಂಟುತ್ತೆ."

ಮಾರ್ಚ್ 14. ಸೋಮವಾರ. ವೆದರ್ಬಿ.

ನದಿಯಲ್ಲಿ ನೀರ್ಗಲ್ಲಿನ ಚಪ್ಪಡಿಗಳು ತೇಲುತ್ತಿದ್ದವು. ದೋಣಿಯವನು ಆಗಲ್ಲ ಎಂದ. ಕೊನೆಗೆ ಒಪ್ಪಿದ. ಕುದುರೆ ಆಚೆ ದಡದಲ್ಲೇ ಉಳಿಯಿತು. ಉಳಿದ ದಾರಿ ಒಬ್ಬ ರೈತನ ಗಾಡಿಯಲ್ಲಿ. ಮಧ್ಯಾಹ್ನ ಊರು ಮುಟ್ಟಿದೆ. ಹುಲ್ಲುಗಾವಲಿನಲ್ಲಿ ಆಗಲೇ ಎರಡು ಕಂಬ ನೆಟ್ಟಿದ್ದಾರೆ.

ಆಜ್ಞೆ ಕೊಟ್ಟೆ. ಜೈಲರ್ ಎರಡು ಸಲ ಓದಿ ಬಾಗಿಲು ತೆಗೆದ. ಒಳಗೆ ಹೋದೆ. ಸಣ್ಣ ಕಿಟಕಿ, ಹುಲ್ಲಿನ ಹಾಸಿಗೆ. ಕೆಟುರಾ ಎದ್ದು ನಿಂತಳು, ನಮ್ಮ ಮನೆಯಲ್ಲಿ ಏಳುತ್ತಿದ್ದ ಹಾಗೆಯೇ.

"ಗಲ್ಲು ತಡೆದಿದ್ದಾರಮ್ಮ. ಮೇನಲ್ಲಿ ಬಿಡುಗಡೆ ಆಗುತ್ತೆ. ಬಟ್ಟೆ ಗವರ್ನರು ನೋಡಿದ್ರು."

ಗೋಡೆಗೆ ಒರಗಿದಳು. ಕೂತಳು. 

"ಅದು ಅಳಲೇ ಇಲ್ಲ ಯಜಮಾನ್ರೇ. ಹುಟ್ಟುವಾಗಲೇ ನೀಲಿ ಇತ್ತು."

"ನಂಬ್ತೀನಿ."

ಕೇಳಬಾರದಿತ್ತು, ಕೇಳಿದೆ. "ಕೋರ್ಟಲ್ಲಿ ಯಾಕೆ ಬಾಯಿ ಬಿಡಲಿಲ್ಲ ನೀನು? ಬಟ್ಟೆ ಹೊಲಿದಿದ್ದೆ ಅಂತ ಒಂದು ಮಾತು?"

ಆಶ್ಚರ್ಯದಿಂದ ನೋಡಿದಳು.

"ಅಸಾ ಈ ಕಿಟಕಿ ಹತ್ರ ಬಂದಿದ್ದ. 'ಅಪ್ಪಂಗೆ ಎಲ್ಲಾ ಬರೀತೀನಿ. ಬಟ್ಟೆ ವಿಷಯ ಅವರೇ ಕೇಳ್ತಾರೆ, ಅವರೇ ಹೇಳ್ತಾರೆ. ಅಲ್ಲಿವರೆಗೂ ನೀನು ಯಾರ ಹೆಸರೂ ಎತ್ತಬೇಡ' ಅಂದ. ನೀವು ಕೇಳಿದ್ರಲ್ಲ, ಬಟ್ಟೆ ಇತ್ತಾ ಅಂತ. ಅಬ್ಬ, ಕಾಗದ ತಲುಪಿದೆ ಅಂದ್ಕೊಂಡೆ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ನಿಮ್ಮ ಬಾಯನ್ನೇ ನೋಡ್ತಿದ್ದೆ."

 ನಾನೂ ಹುಲ್ಲಿನ ಮೇಲೆ ಕೂತೆ.

"ಆಮೇಲೆ ಶಿಕ್ಷೆ ಓದಿದ್ರಿ. ಆಗ ಗೊತ್ತಾಯ್ತು, ಮಗನ್ನ ಉಳಿಸ್ಕೊಂಡ್ರು ಅಂತ. ಬೈಕೊಳ್ಳಲಿಲ್ಲ ಯಜಮಾನ್ರೇ. ಆಣೆಗೂ ಬೈಕೊಳ್ಳಲಿಲ್ಲ. ನನ್ನ ಕೂಸು ಬದುಕಿದ್ದು, ಹಂಗೊಂದು ಹೊತ್ತು ಬಂದಿದ್ರೆ, ನಾನೂ ಅದನ್ನೇ ಉಳಿಸ್ಕೋತಿದ್ದೆನೋ ಏನೋ ಅಂತ ಇಲ್ಲಿ ಕೂತು ಯೋಚನೆ ಮಾಡ್ದೆ. ತಂದೆ ಅಲ್ವಾ ನೀವು."

ನಾನು ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತ್ತು. ಅದನ್ನು ಇಟ್ಟುಕೊಂಡು ಎದ್ದು ಬರಬಹುದಿತ್ತು. ಇಟ್ಟುಕೊಳ್ಳಲಾಗಲಿಲ್ಲ.

"ನಾನು ಕಾಗದ ಓದಿರಲಿಲ್ಲ, ಕೆಟುರಾ."

"ತಲುಪಿರಲಿಲ್ವಾ?"

"ತಲುಪಿತ್ತು. ಹಿಂದಿನ ದಿನವೇ. ನನ್ನ ಚೀಲದಲ್ಲಿತ್ತು. ತೆರೆದಿರಲಿಲ್ಲ."

ಅವಳ ಮುಖ ಬದಲಾಯಿತು. ಶಿಕ್ಷೆ ಓದಿದಾಗಲೂ ಆ ಮುಖ ಕಂಡಿರಲಿಲ್ಲ.

"ಕೈಯಲ್ಲೇ ಇತ್ತಾ?... ಯಾಕೆ? ಯಾಕೆ ತೆರೀಲಿಲ್ಲ?"

ಕೇಳಿದ್ದು ಬರೀ ಅಷ್ಟು. ಉತ್ತರ ಹೇಳಲು ಬಾಯಿ ತೆರೆದೆ. ನನ್ನದೊಂದು ನಿಯಮ ಇದೆಯಮ್ಮ ಎಂದೆ. ನಿನ್ನಂಥವರಿಗೆ ಅನ್ಯಾಯ ಆಗಬಾರದು ಅಂತ, ನಾನು... ಎನ್ನುವಾಗ ಆ ಮಾತು ನನ್ನ ಕಿವಿಗೇ ಬಿತ್ತು, ಅಲ್ಲಿಗೇ ಬಿಟ್ಟೆ.